ಮೆಟ್ಟಿಲ ತಿರುವಿನ ಒಗಟು

ಆಗ ನಾವಿದ್ದದ್ದು ದೇಶದ ರಾಜಧಾನಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಮೂರನೇ ಮಹಡಿ. ಲಿಫ್ಟ್ ಇರಲಿಲ್ಲ. ಎರಡು ಸಾವಿರನೇ ಇಸವಿಯ ಆಚೀಚಿನ ಆ ವರ್ಷಗಳಲ್ಲಿ ಚಳಿಗಾಲದ ಸಂಜೆಯೆಂದರೆ ನನಗೆ ಬೀದಿಯಲ್ಲಿ ಮಾರುವ ಭಯ್ಯಾನ ಗಾಡಿಯ ಹುರಿದ ಕಡಲೆಕಾಯಿ ವಾಸನೆ, ಮಂಜು, ಮತ್ತೆ ಅಪ್ಪನ ಒಗಟು.

ಅಪ್ಪ ಕಚೇರಿಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವನು. ಕುಂದಾಪುರ ಬಿಟ್ಟಂದಿನಿಂದ ದೋಸೆಕಲ್ಲಿನ ಹೊಗೆಯಲ್ಲೇ ನಿಂತವನು. ಅವನ ಸ್ವೆಟರಿಗೂ ಒಗ್ಗರಣೆಯ ವಾಸನೆ. ಸಂಜೆ ಗೇಟಿನ ಬಳಿ ಆಡುತ್ತಿದ್ದ ನನ್ನನ್ನು ಕರೆದುಕೊಂಡು ಮೆಟ್ಟಿಲು ಹತ್ತುವಾಗ, ಪ್ರತಿ ತಿರುವಿನಲ್ಲೂ ನಿಂತು ಒಂದು ಒಗಟು ಹೇಳುತ್ತಿದ್ದ.

"ಕರಿ ಕಲ್ಲಿನ ಮೇಲೆ ಹುಣ್ಣಿಮೆ ಚಂದ್ರ, ಮೈಯೆಲ್ಲ ತೂತು. ಏನದು?"

"ದೋಸೆ! ಬಹುತ್ ಈಝಿ, ಅಪ್ಪಾ!"

"ಅಚ್ಛಾ? ಮೇಲೆ ಕಷ್ಟದ್ದು ಇಟ್ಟಿದೀನಿ. ಚಲೋ."

ನಿಲ್ಲುವುದು ಒಗಟಿಗಾಗಿ ಎಂದೇ ನಂಬಿದ್ದೆ. ಅವನ ಶ್ವಾಸಕೋಶದ ಹಳೆಯ ಕಾಯಿಲೆ ಅಮ್ಮನಿಗೆ ಮಾತ್ರ ಗೊತ್ತಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಜನವರಿಯ ಒಂದು ಸಂಜೆ ಅಪ್ಪ ಮೊದಲ ತಿರುವಿಗೂ ಮುಂಚೆಯೇ ಕಂಬಿ ಹಿಡಿದು ನಿಂತ. "ಒಗಟು?" ಅಂದೆ. ಇಲ್ಲವೆಂದು ಕೈಯಾಡಿಸಿದ, ಅಷ್ಟೆ.

ಅಮ್ಮ ಎಂದಿನಂತೆ ಮೆಣಸಿನ ಕಷಾಯಕ್ಕಿಟ್ಟಳು. "ಚಳಿ ಬಂದ್ರೆ ಇವರದ್ದು ಇದೇ ಪಾಡು. ಜ್ವರಾನೂ ಅಷ್ಟಿಲ್ಲ."

"ಅಮ್ಮಾ, ಅಪ್ಪ ಇವತ್ತು ಒಂದೂ ಒಗಟು ಹೇಳ್ಲಿಲ್ಲ."

ಅಮ್ಮ ನನ್ನ ಮುಖ ನೋಡಿದಳು; ಅವನಿಗೆ ಮಾತಿಗೂ ಉಸಿರಿಲ್ಲವೆಂದು ಹೊಳೆದು ಒಲೆ ಆರಿಸಿದಳು. ಆಸ್ಪತ್ರೆಗೆ ಹೋಗಲು ಕೆಳಮನೆಯ ಅಂಕಲ್ ಕಾರು ತೆಗೆದರು.

ನ್ಯುಮೋನಿಯಾ. ಬೇರೆಯವರ ಶ್ವಾಸಕೋಶ ತಡೆದುಕೊಂಡೀತು, ಇವರದ್ದು ಮೊದಲೇ ಸೋತದ್ದು, ಇನ್ನೊಂದು ದಿನ ಕಾದಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಅಪ್ಪ ಮನೆಗೆ ಬಂದ. ಮೊದಲ ತಿರುವಿನಲ್ಲಿ ಗೋಡೆಗೊರಗಿ, "ಕಷ್ಟದ್ದು ಬಾಕಿ ಇತ್ತಲ್ವಾ?" ಅಂದ. ಅಂದು ಅವನು ಉಳಿದದ್ದರಲ್ಲಿ ನನ್ನ ಪಾಲೂ ಇತ್ತು; ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಆಮೇಲೆ ಅವನು ನಿಲ್ಲುವ ಕಡೆಗಳು ಹೆಚ್ಚಿದವು, ಒಗಟುಗಳೂ ಹೆಚ್ಚಿದವು.

ಹೋದ ಚಳಿಗಾಲ ಅಪ್ಪ ತೀರಿಕೊಂಡ. ಈಗ ಅದೇ ಊರಿನ ದ್ವಾರಕಾದಲ್ಲಿ ನಮ್ಮದು ಏಳನೇ ಮಹಡಿ. ಮೊನ್ನೆ ಲಿಫ್ಟ್ ಕೆಟ್ಟು ಮಗಳೊಡನೆ ಮೆಟ್ಟಿಲು ಹತ್ತಿದೆ. ಮೊದಲ ತಿರುವಿನಲ್ಲಿ, ದಣಿಯದೆಯೂ, ನಿಂತೆ.

"ಕ್ಯಾ ಹುವಾ, ಅಮ್ಮಾ?" ಎಂದಳು ಮಗಳು.

ದೋಸೆಯ ಒಗಟು ಹೇಳಿದೆ. ಅವಳಿಗೆ ಖುಷಿಯಾಯಿತು, ಪ್ರತಿ ತಿರುವಿನಲ್ಲೂ ಬೇಕೆಂದಳು. ಅಪ್ಪನೊಡನೆ ಹತ್ತುತ್ತಿದ್ದ ಹಾಗೇ ಮೂರನೇ ಮಹಡಿಯವರೆಗೆ ಹೇಳಿದೆ. ಅದರಾಚೆ ನನಗೆ ಒಂದೂ ನೆನಪಿರಲಿಲ್ಲ.