ಕದ ತೆಗೆಯದ ಕಾಳವ್ವ

ಒಗ್ಗರಣೆಯಿಲ್ಲದ ಸಾರನ್ನು ನೀವು ಎಂದಾದರೂ ಉಂಡಿದ್ದೀರಾ? ಇಲ್ಲವಾದರೆ ಕೊಳ್ಳೇಗಾಲದ ನಮ್ಮ ಕೇರಿಗೆ ಬನ್ನಿ, ಸಾಕೆನ್ನುವಷ್ಟು ಉಣ್ಣಬಹುದು. ಮನೆಯಲ್ಲಿ ರೇಷ್ಮೆ ಹುಳು ಮೇಯುತ್ತಿರುವಷ್ಟು ಕಾಲ ನಮ್ಮಲ್ಲಿ ಸಾಸಿವೆ ಸಿಡಿಯುವುದಿಲ್ಲ, ಮೆಣಸಿನಕಾಯಿಯ ಘಾಟು ಏಳುವುದಿಲ್ಲ, ಹೆಂಗಸರ ಮುಡಿಗೆ ಮಲ್ಲಿಗೆಯಿಲ್ಲ, ಗಂಡಸರಿಗೆ ಬೀಡಿಯ ಚಪಲ ಹತ್ತಿದರೆ ಬೀದಿಯ ಕೊನೆಯೇ ಗತಿ. ಹೊರಗಿನವರಿಗಂತೂ ಒಳಕ್ಕೆ ಪ್ರವೇಶವೇ ಇಲ್ಲ. ಅಳಿಯನೇ ಬರಲಿ, ತಹಸೀಲ್ದಾರರೇ ಬರಲಿ, ಮರ್ಯಾದೆಯೆಲ್ಲ ಜಗಲಿಯ ಮೇಲೆಯೇ. ಒಂದು ಘಾಟಿಗೆ, ಒಂದು ಸೋಂಕಿಗೆ ಮನೆತುಂಬ ಹುಳು ಸೊರಗಿ ಸತ್ತದ್ದನ್ನು ಕಣ್ಣಾರೆ ಕಂಡವರು ನಾವು.

ಈ ಸಪ್ಪೆ ಸಾರಿನ ಕಾಲದಲ್ಲಿಯೇ ನನ್ನ ಬಾಲ್ಯದ ಒಬ್ಬ ರಾಕ್ಷಸಿ ನನಗೆ ನೆಂಟಳಾದಳು. ಆ ಸಂಗತಿಯನ್ನು ನಿಮ್ಮಂಥ ಸ್ನೇಹಿತರ ಕಿವಿಗೆ ಹಾಕದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಸತ್ತೇಗಾಲದಲ್ಲಿ, ಗದ್ದೆ ತೆಂಗುಗಳ ನಡುವೆ. ಮದುವೆಯಾಗುವವರೆಗೆ ರೇಷ್ಮೆ ಹುಳುವಿನ ಮುಖ ಕಂಡವಳಲ್ಲ. ನಮ್ಮಜ್ಜಿಯ ತವರು ಮಾತ್ರ ಹನೂರಿನ ಕಡೆಯ, ಹುಳು ಸಾಕುವ ಊರು. ಅವಳು ಅಕ್ಕಿ ಹಸನು ಮಾಡುತ್ತಾ ನನಗೂ ಅಕ್ಕನಿಗೂ ಹೇಳುತ್ತಿದ್ದ ಕತೆಗಳಲ್ಲಿ ನಮಗೆ ಪ್ರಾಣವಾಗಿದ್ದದ್ದು ಮುದ್ದಿಯ ಕತೆ. ಏಳು ಗುಡ್ಡದಾಚೆಗೆ ಮದುವೆಯಾಗಿ ಹೋದ ಮುದ್ದಿ ತಲೆತುಂಬ ಹೂ ಮುಡಿದು, ಕಾಲು ಬೊಬ್ಬೆಯೆದ್ದರೂ ಲೆಕ್ಕಿಸದೆ ತವರಿಗೆ ನಡೆದು ಬರುತ್ತಾಳೆ. ತಾಯಿ ಕಾಳವ್ವ ಕದ ತೆಗೆಯುವುದಿಲ್ಲ. “ಇವತ್ತು ಬ್ಯಾಡ, ನಾಕು ದಿನ ಬುಟ್ಟು ಬಾ” ಎಂದು ಒಳಗಿನಿಂದಲೇ ಹೇಳಿಬಿಡುತ್ತಾಳೆ. ಹೊರಗೆ ಸುಡು ಸುಡು ಬಿಸಿಲು. ಆ ಮನೆಯೊಳಗೆ ಮಾತ್ರ ಸೋ ಎಂದು ಮಳೆ. ಮುದ್ದಿ ಅತ್ತೂ ಅತ್ತೂ ಕಣ್ಣೀರೇ ಕೆರೆಯಾಗಿ, ಆ ಕೆರೆಯಲ್ಲಿ ತಾವರೆಯಾಗಿ ನಿಲ್ಲುತ್ತಾಳೆ. ಕಾಳವ್ವ ಹೊಸ್ತಿಲ ಬಳಿಯ ಕಪ್ಪೆಯಾಗುತ್ತಾಳೆ.

ಕಪ್ಪೆಯಾದಳೆಂದರೆ ನಮಗೆ ಹಬ್ಬ. ಅಕ್ಕ ಥೂ ಎಂದು ಅಂಗಳಕ್ಕೆ ಉಗಿಯುವಳು, ಅವಳನ್ನು ನೋಡಿ ನಾನೂ ಉಗಿಯುವೆನು. ಮನೆಯೊಳಗೆ ಮಳೆ ಸುರಿಸಬಲ್ಲ ಹೆಂಗಸು ಮಾಟಗಾತಿಯಲ್ಲದೆ ಮತ್ತೇನು? ಬಾಲ್ಯದ ನ್ಯಾಯಸ್ಥಾನದಲ್ಲಿ ವಕೀಲರಿಗೆ ಜಾಗವಿಲ್ಲ, ನೋಡಿ. ಅತ್ತವರದು ನ್ಯಾಯ, ಅಳಿಸಿದವರದು ಅನ್ಯಾಯ. ತೀರ್ಪು ಅಲ್ಲಿಗೆ ಮುಗಿಯಿತು.

ಮುಂದೆ ಅಕ್ಕನನ್ನು ಯಳಂದೂರಿಗೆ ಕೊಟ್ಟರು, ಮೈಸೂರು ಸಂಸ್ಥಾನಕ್ಕೆ. ನಾನು ಮದರಾಸು ಸರ್ಕಾರದ ಸರಹದ್ದಿನಲ್ಲೇ ಉಳಿದು ಕೊಳ್ಳೇಗಾಲದ ಸೊಸೆಯಾದೆ. ಕೂಗಳತೆಯ ಊರುಗಳೇ, ಆದರೆ ತುಂಬಿದ ಮನೆಯ ಸೊಸೆಗೆ ಬಿಡುವು ಸಿಗಬೇಕಲ್ಲ? ನಮ್ಮವ್ವ ಬೇಗ ತೀರಿಕೊಂಡದ್ದರಿಂದ ನನಗೆ ಜಡೆ ಹೆಣೆದವಳು, ತುತ್ತಿಟ್ಟವಳು, ಬೆನ್ನಿಗೆ ಗುದ್ದಿದವಳು ಎಲ್ಲ ಅಕ್ಕನೇ. ಅವಳೊಮ್ಮೆ ನನ್ನ ಮನೆಗೆ ಬಂದು ಕೂತು ಹೋಗಲೆಂದು ವರ್ಷಗಟ್ಟಲೆ ಹಂಬಲಿಸಿದ್ದೆ.

ಅವಳು ಬಂದದ್ದಾದರೂ ಯಾವಾಗ! ನಮ್ಮತ್ತೆ ತೀರಿಕೊಂಡು, ನಾನೊಬ್ಬಳೇ ನಿಂತು ಹುಳು ಸಾಕಿದ ಮೊದಲ ಬೆಳೆ. ಹುಳು ನಾಲ್ಕನೆಯ ಜ್ವರದಿಂದೆದ್ದು, ಅಂದರೆ ಕೊನೆಯ ಬಾರಿ ಪೊರೆ ಕಳಚಿ, ಎಷ್ಟು ಸೊಪ್ಪು ಹಾಕಿದರೂ ಸಾಲದೆಂದು ಮುಕ್ಕುತ್ತಿತ್ತು. ಯಜಮಾನರು ಸೊಪ್ಪಿಗೆಂದು ಹಿತ್ತಿಲ ಬಾಗಿಲಿನಿಂದ ತೋಟಕ್ಕೆ ಹೋಗಿದ್ದರು. ನಡುಮಧ್ಯಾಹ್ನ ಕದ ಬಡಿದ ಸದ್ದಾಗಿ ಕಿಟಕಿಯಲ್ಲಿ ಇಣುಕಿದರೆ ಅಕ್ಕ. ಮುಡಿತುಂಬ ಮಲ್ಲಿಗೆ. ಮಲ್ಲಿಗೆಯನ್ನಾದರೂ ತೆಗೆಸಬಹುದಿತ್ತು, ಆದರೆ ನಮ್ಮ ಭಾವನದು ಹೊಗೆಸೊಪ್ಪಿನ ವ್ಯಾಪಾರ, ಮನೆಯ ಮುಂಭಾಗವೇ ಮಂಡಿ. ಆ ಘಾಟು ಅಕ್ಕನ ಸೀರೆಗೆ, ಕೂದಲಿಗೆ, ಕೈಯಲ್ಲಿದ್ದ ಬಟ್ಟೆಗಂಟಿಗೆ ಅಂಟಿಕೊಂಡೇ ಬಂದಿತ್ತು. ಹುಳುವಿಗೆ ಹೊಗೆಸೊಪ್ಪೆಂದರೆ ಸಾಕ್ಷಾತ್ ವಿಷ.

“ಕದ ತೆಗಿಯೇ, ನಾನು ಕಣೆ” ಎಂದಳು ಅಕ್ಕ.

“ಅಕ್ಕ, ಇವತ್ತು ಬ್ಯಾಡ ಕಣಕ್ಕ. ನಾಕು ದಿನ ಬುಟ್ಟು ಬಾ” ಎಂದೆ.

ಅಂದ ಮೇಲೆ ನನ್ನ ಮೈ ಝುಂ ಎಂದಿತು. ಈ ಮಾತು ನನ್ನದಲ್ಲ, ಎಲ್ಲೋ ಕೇಳಿದ್ದು. ಹೊರಗಿನಿಂದ ಅಕ್ಕನ ದನಿ ಒಡೆದು ಬಂತು: “ಕಾಳವ್ವ ಆಗ್ಬುಟ್ಯಲ್ಲೇ ನೀನು. ಸಾಯಂಕಾಲದ ಬಸ್ಸಿಗೇ ಓಯ್ತೀನಿ. ಇನ್ನು ನಿನ್ ಒಸ್ಲು ತುಳಿಯಕಿಲ್ಲ.”

ಆಡಿದ ಮಾತಿಗೆ ತಪ್ಪುವವಳಲ್ಲ ಅವಳು. ಕದ ತೆಗೆದರೆ ಹುಳು ಹೋಗುತ್ತದೆ, ತೆಗೆಯದಿದ್ದರೆ ಅಕ್ಕ ಹೋಗುತ್ತಾಳೆ. ದಿಕ್ಕು ತೋಚದೆ ಕದಕ್ಕೆ ಹಣೆಯೊತ್ತಿ ನಿಂತೆ. ಆಗ, ಕೇಳಿ, ಬೆನ್ನ ಹಿಂದೆ ಸಾಲುಸಾಲು ತಟ್ಟೆಗಳಲ್ಲಿ ಹುಳು ಸೊಪ್ಪು ಕಡಿಯುವ ಆ ಸದ್ದು, ದಿನವೂ ಕೇಳಿ ಕೇಳಿ ಕಿವಿಗೆ ಬೀಳುವುದನ್ನೇ ಬಿಟ್ಟಿದ್ದ ಸದ್ದು, ಒಮ್ಮೆಗೇ ಕಿವಿ ತುಂಬಿತು. ಸೋ ಎಂದು ಮಳೆ! ಹೊರಗೆ ಸುಡು ಬಿಸಿಲು, ಒಳಗೆ ಮಳೆ. ನಗು ಬಂತು, ಕುಣಿಯಬೇಕೆನ್ನಿಸಿತು.

“ಅಕ್ಕ, ಓಗ್ಬ್ಯಾಡ. ಕದಕ್ಕೆ ಕಿವಿ ಮಡಗು. ಏನ್ ಕೇಳ್ತದೆ ಏಳು.”

ಬಳೆಯ ಸದ್ದಾಯಿತು, ಕಿವಿ ಇಟ್ಟಳೆಂದು ತಿಳಿಯಿತು. “ಮಳೆ ಉಯ್ದಂಗದೆ” ಎಂದಳು ಮುನಿಸಿನಲ್ಲೇ. ಮತ್ತೆ ಮೆಲ್ಲಗೆ, “ಲೇ, ಒಳಗೆ ಮಳೆ ಉಯ್ತಾ ಅದಲ್ಲೇ” ಎಂದಳು.

“ಉಳ ಕಣಕ್ಕ, ಸೊಪ್ಪು ತಿಂತಾವೆ. ಕಾಳವ್ವನ ಮನೇಲಿದ್ದದ್ದೂ ಇವೇ.”

ಅಜ್ಜಿ ಇದನ್ನು ಬಿಡಿಸಿ ಹೇಳಿರಲೇ ಇಲ್ಲ. ಅವಳ ತವರಿನ ಕೂಸುಕಂದಮ್ಮಗಳಿಗೂ ಗೊತ್ತಿದ್ದ ಸದ್ದದು, ಹೇಳಬೇಕೆಂದು ಅವಳಿಗೆ ಹೊಳೆದಿರಲಾರದು. ಹನೂರಿನಿಂದ ಗದ್ದೆಯ ಸೀಮೆಗೆ ಬರುವಷ್ಟರಲ್ಲಿ ಕತೆಯ ಕಾರಣ ದಾರಿಯಲ್ಲೇ ಉದುರಿಹೋಗಿ, ಕೋಪವೊಂದೇ ನಮ್ಮ ಕೈ ಸೇರಿತ್ತು. ಪಾಪ ಕಾಳವ್ವ, ಮಗಳ ಅಳು ಕೇಳುತ್ತಾ ಕದದ ಈಚೆಗೆ ನನ್ನ ಹಾಗೆಯೇ ಹಣೆಯೊತ್ತಿ ನಿಂತಿದ್ದಳೋ ಏನೋ. ಅವಳು ಕಪ್ಪೆಯಾದದ್ದು ಶಾಪವೆಂದು ನನಗೀಗ ಅನ್ನಿಸುವುದಿಲ್ಲ. ಹೊಸ್ತಿಲು ಬಿಟ್ಟು ಕದಲಲಾರದವಳಿಗೆ ಮತ್ತಾವ ರೂಪ ಒಪ್ಪೀತು?

ಹೊರಗೆ ಅಕ್ಕ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಕೇಳಿದಳು: “ಅಂಗಾರೆ ಆ ಮುದ್ದಿಗೇನ್ ಆತ್ರ ಬಂದಿತ್ತು? ನಾಕು ದಿನ ಜಗ್ಲಿ ಮ್ಯಾಲೆ ಬಿದ್ಕಂಡಿದ್ರೆ ಆಗ್ತಿರ್ಲಿಲ್ವಾ?”

ಸಂಜೆಯ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಅಕ್ಕ ಹೋಗಲಿಲ್ಲ. ಗಂಟನ್ನು ಪಕ್ಕದ ಮನೆಯಲ್ಲಿಟ್ಟು, ಸೀಗೆಪುಡಿ ಹಾಕಿ ತಲೆಗೆರೆದುಕೊಂಡು, ನಾನು ಕಿಟಕಿಯಲ್ಲಿ ಕೊಟ್ಟ ಸೀರೆಯುಟ್ಟು ನಮ್ಮ ಜಗಲಿಯನ್ನೇ ಮನೆ ಮಾಡಿಕೊಂಡಳು. ಅದೇ ಕಿಟಕಿಯಲ್ಲಿ ಹೋದ ಅನ್ನವನ್ನು ಉಂಡು, ಸಾರನ್ನು ಬಾಯ್ತುಂಬ ಬೈದಳು. ಒಳಗೊಬ್ಬಳು ಹೊರಗೊಬ್ಬಳು ಕೂತು ನಾವು ಆಡಿದಷ್ಟು ಮಾತನ್ನು ಎದುರುಬದುರು ಕೂತಿದ್ದರೆ ಆಡುತ್ತಿರಲಿಲ್ಲ.

ನಾಲ್ಕೆಂದ ದಿನ ಇನ್ನಷ್ಟಾಯಿತು. ಹುಳು ಮೇವು ಬಿಟ್ಟು ಹಣ್ಣಾಗಿ, ಚಂದ್ರಿಕೆಯೆನ್ನುವ ಬಿದಿರು ತಟ್ಟಿ ಏರಿ, ಹೊಂಬಣ್ಣದ ಗೂಡು ಕಟ್ಟಿ ಮುಗಿಸಿದ ಬೆಳಿಗ್ಗೆ ಅಗುಳಿ ಸರಿಸಿ ಕದ ತೆರೆದೆ. ಅಕ್ಕ ಎದ್ದು ಬಂದಳು. ಹೊಸ್ತಿಲ ಆಚೆಗೇ ನಿಂತಳು. ಹುಟ್ಟಿದಾಗಿನಿಂದ ನನ್ನನ್ನೊಂದು ಮಾತು ಕೇಳಿ ಯಾವ ಕೆಲಸವನ್ನೂ ಮಾಡಿರದ ನನ್ನಕ್ಕ, ನನ್ನ ಮುಖ ನೋಡಿ ಕೇಳಿದಳು:

“ಈಗ ಬರ್ಲೇನೇ?”

ಕೈ ಹಿಡಿದು ಒಳಕ್ಕೆ ಎಳೆದುಕೊಂಡೆ.