ಎಂಬತ್ತು ದಾಟಿದರೆ ನಡುಗುವ ಸ್ಟೇರಿಂಗ್

ತುಮಕೂರಿನ ಪಿ.ಎಚ್. ಕಾಲೋನಿಯ ಆಸ್ಮಾ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಾಳೆ. ಲಾರಿ ಡ್ರೈವರ್ ಆಗಿದ್ದ ಅಪ್ಪ ಅಕ್ರಂ ಪಾಷಾ, ನೆಂಟರು ಆಡಿಕೊಂಡರೂ ಕೇಳದೆ, ಮದುವೆಗೆ ಮುಂಚೆಯೇ ಮಗಳಿಗೆ ಡ್ರೈವಿಂಗ್ ಹೇಳಿಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಆ ವಿದ್ಯೆಯೇ ಅವಳ ಕೈ ಹಿಡಿಯಿತು. ಕೆಲವು ವರ್ಷ ಬೇರೆಯವರ ಡ್ರೈವಿಂಗ್ ಸ್ಕೂಲಿನಲ್ಲಿ ದುಡಿದು, ಆಮೇಲೆ ತನ್ನದೇ ಶುರು ಮಾಡಿದಳು. ಗಂಡಸರ ಪಕ್ಕ ಕೂತು ಬೈಸಿಕೊಂಡು ಕಲಿಯಲು ಮನಸ್ಸಿಲ್ಲದವರೆಲ್ಲ ಅವಳನ್ನು ಹುಡುಕಿಕೊಂಡು ಬಂದರು.

ಗುಬ್ಬಿಯ ಸುಶ್ಮಿತಾ ಹಾಗೆ ಬಂದವಳೇ. ಕ್ಲಚ್ ಬಿಡುವಾಗಲೆಲ್ಲ ಗಾಡಿ ಆಫ್ ಮಾಡಿಕೊಂಡು ಕಣ್ಣೀರು ಹಾಕುತ್ತಿದ್ದ ಹುಡುಗಿ, ಕಲಿತ ಮೇಲೆ ಕಲಿಸುವುದರಲ್ಲೂ ಗಟ್ಟಿಗಿತ್ತಿಯಾದಳು. ಆಸ್ಮಾ ಅವಳನ್ನು ಪಾಲುದಾರಳನ್ನಾಗಿ ಮಾಡಿಕೊಂಡಳು. ಬೋರ್ಡಿನ ಮೇಲೆ ಇಬ್ಬರ ಹೆಸರೂ ಬಂತು. ಗುಬ್ಬಿಯಲ್ಲೂ ಕಲಿಯುವವರಿದ್ದುದರಿಂದ ಶನಿವಾರ ಸಂಜೆ ಸುಶ್ಮಿತಾ ಕಾರನ್ನು ಊರಿಗೆ ಒಯ್ದು, ಸೋಮವಾರ ಬೆಳಿಗ್ಗೆ ತರುವುದು ರೂಢಿಯಾಯಿತು. ರಂಜಾನ್ ತಿಂಗಳಲ್ಲಿ ಬಿಸಿಲಿನ ಹೊತ್ತಿನ ಕ್ಲಾಸುಗಳನ್ನೆಲ್ಲ ಅವಳೇ ತೆಗೆದುಕೊಳ್ಳುತ್ತಿದ್ದಳು. ಗೌರಿ ಹಬ್ಬಕ್ಕೆ ಆಸ್ಮಾ ಅವಳಿಗೆ ಬಳೆ ತೊಡಿಸುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ಗುರುವಾರ ಆಸ್ಮಾ ತಾಯಿ ಖಮರುನ್ನೀಸಾರನ್ನು ಕೂರಿಸಿಕೊಂಡು ಕುಣಿಗಲ್‌ಗೆ ಹೊರಟಳು. ಅಲ್ಲಿ ತಂಗಿಗೆ ಹೆರಿಗೆಯಾಗಿತ್ತು. ಹೆಬ್ಬೂರು ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು. ಕ್ಲಾಸಿನಲ್ಲಿ ನಲವತ್ತು ಮೀರದ ಗಾಡಿಯ ವೇಗ ಎಂಬತ್ತು ದಾಟಿತು. ಆಗ ಸ್ಟೇರಿಂಗ್ ಅವಳ ಅಂಗೈಯಲ್ಲಿ ನಡುಗತೊಡಗಿತು. ಎಪ್ಪತ್ತಕ್ಕೆ ಇಳಿಸಿದರೆ ಸುಮ್ಮನಾಯಿತು, ಮತ್ತೆ ಏರಿಸಿದರೆ ಮತ್ತೆ ನಡುಕ. ಕ್ಲಚ್ ಒತ್ತಿ ಗಾಡಿಯನ್ನು ಉರುಳಲು ಬಿಟ್ಟು ನೋಡಿದಳು. ಆಗಲೂ ನಿಲ್ಲಲಿಲ್ಲ, ಹಾಗಾಗಿ ಎಂಜಿನ್ನಿನ ದೋಷವಲ್ಲ. ಮೆಲ್ಲಗೆ ಬ್ರೇಕ್ ಮುಟ್ಟಿದಳು. ಹೆಚ್ಚಾಗಲಿಲ್ಲ, ಹಾಗಾಗಿ ಬ್ರೇಕಿನದೂ ಅಲ್ಲ. ಚಕ್ರದಲ್ಲೇ ಏನೋ ಇದೆ ಅಂದುಕೊಂಡು, ಹೋಗುವಾಗಲೂ ಬರುವಾಗಲೂ ನಿಧಾನಕ್ಕೇ ಓಡಿಸಿದಳು.

ಮಾರನೆಯ ದಿನ ವಿಷಯ ಕೇಳಿದ ಸುಶ್ಮಿತಾ ಬಗ್ಗಿ ಟೈರುಗಳನ್ನು ನೋಡಿದಳು. ಆಮೇಲೆ, ಬ್ಯಾಲೆನ್ಸಿಂಗ್ ಹೋಗಿರಬೇಕು, ಮಧ್ಯಾಹ್ನ ಕ್ಲಾಸಿಲ್ಲದಾಗ ತಾನೇ ರಿಂಗ್ ರೋಡಿನ ಅನಂತರಾಜುವಿನ ಟೈರ್ ಅಂಗಡಿಗೆ ಒಯ್ಯುತ್ತೇನೆ ಎಂದಳು. ಒಯ್ದಳು, ತಂದಳು. ನಾಲ್ಕು ಚಕ್ರಕ್ಕೂ ಹೊಸ ಸೀಸದ ತುಂಡು ಹಾಕಿ ತೂಕ ಸರಿ ಮಾಡಿದ್ದಾರೆ, ಇನ್ನೇನೂ ತೊಂದರೆ ಇಲ್ಲ ಎಂದಳು.

ಇಬ್ಬರೂ ಕ್ಯಾತ್ಸಂದ್ರದ ಕಡೆ ಹೈವೇಗೆ ಹೋಗಿ ನೋಡಿದರು. ನಡುಕ ಹಾಗೇ ಇತ್ತು. ಪಕ್ಕದ ಸೀಟಿನಲ್ಲಿದ್ದ ಸುಶ್ಮಿತಾ ಡ್ಯಾಶ್‌ಬೋರ್ಡ್ ಮೇಲೆ ಅಂಗೈ ಊರಿ, "ಕಡ್ಮೆ ಆಯ್ತಲ್ವಾ ಅಕ್ಕ" ಎಂದಳು.

ಆಸ್ಮಾಗೆ ಹಾಗನ್ನಿಸಲಿಲ್ಲ. ಟೈರಿನ ಗಾಳಿ ಪರೀಕ್ಷೆ ಮಾಡಿಸಿದಳು. ಚಕ್ರದ ಹಿಂದಿನ ರಬ್ಬರ್ ಬುಷ್ ಸವೆದಿರಬಹುದು ಎಂದು ಸುಶ್ಮಿತಾ ಹೇಳಿದ್ದಕ್ಕೆ ಗ್ಯಾರೇಜಿನಲ್ಲಿ ಅದನ್ನೂ ಹೊಸದಾಗಿ ಹಾಕಿಸಿದಳು. ರಸ್ತೆಯೇ ಸರಿ ಇಲ್ಲವೇನೋ ಎಂದಾಗ ಇನ್ನೊಂದು ರಸ್ತೆಯಲ್ಲಿ ಓಡಿಸಿದಳು. ಪ್ರತಿ ಸಲವೂ ಸುಶ್ಮಿತಾ ಜೊತೆಗಿದ್ದಳು, ಪ್ರತಿ ಸಲವೂ ಮೊದಲಿಗಿಂತ ವಾಸಿ ಎನ್ನುತ್ತಿದ್ದಳು. ಕೊನೆಗೊಂದು ದಿನ ಮೆತ್ತಗೆ, "ನಿಮ್ ಕೈಗೇ ಹಂಗನ್ಸುತ್ತೇನೋ ಅಕ್ಕ, ಒಂದ್ಸಲ ಡಾಕ್ಟ್ರಿಗೆ ತೋರ್ಸಿ" ಎಂದಳು.

ಆಸ್ಮಾ ಹೆದರಿದಳು. ಕೈ ನಡುಗುವ ಮಾಸ್ಟರ್ ಹತ್ತಿರ ಯಾರು ಕಲಿಯುತ್ತಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದದ್ದು ನೆನಪಾಗಿ, ಯಾರಿಗೂ ಹೇಳದೆ ಹೋಗಿ ರಕ್ತ ಕೊಟ್ಟು ಬಂದಳು. ಏನೂ ಇರಲಿಲ್ಲ. ಡಾಕ್ಟರು ಅವಳ ಎರಡೂ ಕೈ ಮುಂದಕ್ಕೆ ಚಾಚಿಸಿ ನೋಡಿ, ಎಲ್ಲಾ ಚೆನ್ನಾಗಿದೆಯಮ್ಮ ಎಂದು ಕಳಿಸಿದರು.

ಕೈ ಸರಿ ಇದೆ ಎಂದು ಗೊತ್ತಾದ ಮೇಲೆ ಅವಳಿಗೆ ಧೈರ್ಯ ಬಂತು. ಅಪ್ಪ ಮಾಡುತ್ತಿದ್ದ ಒಂದು ಉಪಾಯ ಮಾಡಿದಳು. ಮನೆ ಮುಂದೆ ಜಾಕ್ ಕೊಟ್ಟು, ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಕೊಂಡು ಒಬ್ಬಳೇ ಹೈವೇಗೆ ಹೋದಳು. ಎಂಬತ್ತು ದಾಟಿದರೂ ಸ್ಟೇರಿಂಗ್ ಕದಲಲಿಲ್ಲ. ಈಗ ನಡುಗಿದ್ದು ಅವಳು ಕೂತಿದ್ದ ಸೀಟು. ದೋಷ ಹಿಂದಕ್ಕೆ ಹೋದ ಎರಡು ಚಕ್ರಗಳಲ್ಲೊಂದರಲ್ಲಿದೆ ಎನ್ನುವುದು ಖಚಿತವಾಯಿತು. ಅಲ್ಲಿಂದ ನೇರವಾಗಿ ಅನಂತರಾಜು ಅಂಗಡಿಗೆ ಬಂದಳು.

ಅನಂತರಾಜು ಆ ಎರಡೂ ಚಕ್ರ ಬಿಚ್ಚಿ ಮಷೀನಿಗೆ ಹಾಕಿ ತಿರುಗಿಸಿದ. ಒಂದರಲ್ಲಿ, ಟೈರು ಕೂರುವ ಲೋಹದ ರಿಮ್ಮಿನ ಒಳಬದಿಯ ಅಂಚು ಸೊಟ್ಟಗಾಗಿ ತೊನೆಯುತ್ತಿತ್ತು. ಸುತ್ತಿಗೆಯಲ್ಲಿ ಬಡಿದ ಗುರುತಿನ ಮೇಲೆ ಬೆಳ್ಳಿ ಬಣ್ಣ ಬಳಿದಿತ್ತು.

"ಅವತ್ತೇ ಹೇಳಿದ್ನಲ್ಲ ಮೇಡಂ, ನಿಮ್ ಜೊತೆ ಇರೋ ಮೇಡಮ್‌ಗೆ," ಎಂದ ಅವನು. "ರಿಮ್ಮೇ ದುಂಡಗಿಲ್ದಿದ್ರೆ ತೂಕ ಸರಿ ಮಾಡಿ ಏನ್ ಪ್ರಯೋಜ್ನ. ದಸರಾ ಟೈಮಲ್ಲಿ ಟೈರ್ ಹರ್ಕೊಂಡ್ ಬಂದಾಗ್ಲೇ ಬೇರೆ ರಿಮ್ ಹಾಕ್ಸಿ ಅಂದೆ. ಬೇಡ, ಬಡ್ದು ನೆಟ್ಟಗ್ ಮಾಡಿ ಅಂದ್ರು."

ದಸರಾದಲ್ಲಿ ಏನಾಗಿತ್ತು ಎಂದು ಆಸ್ಮಾ ಕೇಳಿದಳು. ಅವನು ಸಂಕೋಚದಿಂದ ನಕ್ಕ.

"ಕುಣಿಗಲ್ ಬೈಪಾಸಲ್ಲಿ ನೀವೇ ಗುಂಡೀಗ್ ಇಳ್ಸಿದ್ರಂತಲ್ಲ. ಮಾಸ್ಟರ್ ಆದ್ರೇನು, ಒಂದೊಂದ್ಸಲ ಆಯ್ತದೆ ಬುಡಿ."

ದಸರಾದಲ್ಲಿ ಆಸ್ಮಾ ಜ್ವರ ಬಂದು ಮಲಗಿದ್ದಳು. ಇಷ್ಟು ದಿನ ಈ ಅಂಗಡಿಯ ಮುಂದೆ ಹಾದುಹೋಗುವಾಗ ಇವರೆಲ್ಲ ತನ್ನನ್ನು ಏನೆಂದುಕೊಂಡು ನೋಡಿರಬಹುದು ಎಂದು ಯೋಚಿಸಿ ಅವಳ ಮುಖ ಬಿಸಿಯಾಯಿತು. ಗುಂಡಿಗೆ ಇಳಿಸಿದ್ದು ತಾನಲ್ಲ ಎಂದಷ್ಟೇ ಹೇಳಿದಳು. ಹೊಸ ರಿಮ್ ಹಾಕಿಸಿಕೊಂಡು ಬಂದಳು.

ಮಾರನೆಯ ಬೆಳಿಗ್ಗೆ ಕ್ಲಾಸ್ ಶುರುವಾಗುವ ಮೈದಾನದಲ್ಲಿ ಸುಶ್ಮಿತಾಳನ್ನು ಕೇಳಿದಳು. ಸುಶ್ಮಿತಾ ಮೊದಲು ಇಲ್ಲವೆಂದಳು, ಆಮೇಲೆ ಅತ್ತಳು. ಗುಬ್ಬಿಯ ಕ್ಲಾಸುಗಳು ಯಾವತ್ತೋ ನಿಂತುಹೋಗಿದ್ದವು. ಭಾನುವಾರಗಳಲ್ಲಿ ಅವಳು ಕಾರನ್ನು ಕುಣಿಗಲ್‌ಗೆ ಒಯ್ದು, ಭಾವನ ಜೊತೆ ಸೇರಿ ತನ್ನದೇ ಸ್ಕೂಲಿಗೆ ಜನ ಕೂಡಿಸುತ್ತಿದ್ದಳು. ಬೈಪಾಸಿನಲ್ಲಿ ಸ್ಟೇರಿಂಗ್ ಹಿಡಿದಿದ್ದವಳು ಅಲ್ಲಿ ಕಲಿಯುತ್ತಿದ್ದ ಒಬ್ಬ ಹೆಂಗಸು.

"ಹೇಳ್ಬೇಕು ಅಂತ್ಲೇ ಇದ್ದೆ ಅಕ್ಕ. ಕುಣಿಗಲ್ ವಿಷ್ಯ ಗೊತ್ತಾದ್ರೆ ಬೇಜಾರ್ ಮಾಡ್ಕೊತೀರ ಅಂತ ಭಯ ಆಯ್ತು."

"ಸ್ಕೂಲ್ ಮಾಡ್ಕೊ, ಯಾರ್ ಬೇಡ ಅಂದ್ರು. ಗುಂಡಿಗೂ ಯಾರ್ ಬೇಕಾದ್ರೂ ಇಳಿಸ್ತಾರೆ," ಎಂದಳು ಆಸ್ಮಾ. "ನನ್ ಕೈನೇ ನಡುಗ್ತಾ ಇದೆ ಅಂತ ನಂಗೆ ನಂಬ್ಸಿದ್ಯಲ್ಲ ಸುಶ್ಮಿತಾ. ಪಕ್ಕದಲ್ಲೇ ಕೂತ್ಕೊಂಡು."

ಸುಶ್ಮಿತಾ ಕಾಲು ಹಿಡಿಯಲು ಬಗ್ಗಿದಳು. ಆಸ್ಮಾ ಹಿಂದಕ್ಕೆ ಸರಿದಳು. ಆ ಚಕ್ರದ ಮೇಲೆ ತನ್ನ ತಾಯಿಯನ್ನು, ಕಲಿಯಲು ಬಂದ ಅಷ್ಟೊಂದು ಹೆಂಗಸರನ್ನು ಕೂರಿಸಿದ್ದೆವು ಎನ್ನಬೇಕೆಂದಿದ್ದಳು. ಅದರ ಬದಲು ಕಾರಿನ ಇನ್ನೊಂದು ಕೀಲಿಗಾಗಿ ಕೈ ಚಾಚಿದಳು. ಸುಶ್ಮಿತಾ ಕೊಟ್ಟು, ಬಸ್ ಸ್ಟಾಪಿನ ಕಡೆ ನಡೆದು ಹೋದಳು.

ಕುಣಿಗಲ್‌ನಲ್ಲಿ ಸುಶ್ಮಿತಾಳ ಸ್ಕೂಲು ನಡೆಯುತ್ತಿದೆ. ಇಲ್ಲಿ ಅವಳ ಹತ್ತಿರ ಕಲಿಯುತ್ತಿದ್ದ ಕೆಲವರು ಆಸ್ಮಾಳೇ ಅವಳನ್ನು ಹೊರಗೆ ಹಾಕಿದಳೆಂದು ಮಾತಾಡಿಕೊಂಡರು. ಆಸ್ಮಾ ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಈಗ ಒಬ್ಬಳೇ ಕಲಿಸುತ್ತಾಳೆ. ಜೊತೆಗೊಬ್ಬರನ್ನು ಸೇರಿಸಿಕೊ ಎಂದು ತಾಯಿ ಹೇಳಿದರೆ ಮಾತು ಬದಲಾಯಿಸುತ್ತಾಳೆ.

ಈಚೆಗೆ ಕುಣಿಗಲ್‌ನಿಂದ ಗುರುತಿಲ್ಲದ ಹೆಂಗಸೊಬ್ಬಳು ಫೋನ್ ಮಾಡಿದಳು. ಮಗಳನ್ನು ಅಲ್ಲಿನ ಸುಶ್ಮಿತಾ ಮೇಡಂ ಹತ್ತಿರ ಸೇರಿಸಬೇಕೆಂದಿದ್ದೇನೆ, ಅವರು ಮೊದಲು ನಿಮ್ಮ ಹತ್ತಿರ ಇದ್ದರಂತೆ, ಹೇಗೆ ಕಲಿಸುತ್ತಾರೆ ಎಂದು ಕೇಳಿದಳು.

"ಚೆನ್ನಾಗ್ ಕಲಿಸ್ತಾಳೆ," ಎಂದಳು ಆಸ್ಮಾ. "ನಾನೇ ಕಲಿಸಿದ್ದು."

ಫೋನ್ ಇಟ್ಟ ಮೇಲೆ, ಯಾಕಾದರೂ ನಿಜ ಹೇಳಿದೆನೋ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟು ಸಂಜೆಯವರೆಗೂ ಇಳಿಯಲಿಲ್ಲ.