ಅರ್ಧ ಬುರುಜು ಮತ್ತು ಎರಡು ಮೊಣಕೈ

ನನ್ನ ಬೂದುಬಣ್ಣದ ಸ್ವೆಟರಿನ ಎಡ ಮೊಣಕೈಯಲ್ಲಿ ಒಂದು ತೂತಿತ್ತು. ಈಗ ಅದು ಎಲ್ಲಿತ್ತೆಂದು ನನಗೇ ತಿಳಿಯದು. ಈ ಪರದೇಶದಲ್ಲಿ ನಾನಿರುವ ಕ್ರಾಸ್‌ರೋಡ್ಸ್ ಬಡಾವಣೆಯಿಂದ ಯೂನಿವರ್ಸಿಟಿಗೆ ಹೋಗುವಾಗ, ಬಸ್ಸು ಸೇತುವೆಯ ಮೇಲೆ ಸರೋವರ ದಾಟುವಷ್ಟು ಹೊತ್ತೂ, ಬೆರಳಿನಿಂದ ಅದನ್ನು ಹುಡುಕುವುದು ನನ್ನ ಇತ್ತೀಚಿನ ಹವ್ಯಾಸ. ಪಕ್ಕದವರು ನನಗೇನೋ ಚರ್ಮರೋಗವೆಂದು ಭಾವಿಸಿ ತುಸು ಸರಿದು ಕೂರುವುದುಂಟು; ಮಿತಭಾಷಿಯಾದ ನನಗೆ ಅದು ಅನುಕೂಲವೇ.

ತೂತು ಮುಚ್ಚಿದವರು ಪದ್ಮಾ ಆಂಟಿ. ನನ್ನೊಂದಿಗೆ ಮನೆ ಹಂಚಿಕೊಂಡಿರುವ ಸುಮನಾಳ ತಾಯಿ, ಆರು ತಿಂಗಳಿಗೆಂದು ಮೈಸೂರಿನಿಂದ ಬಂದವರು. ಸ್ವೆಟರಿನ ಒಳಮಡಿಕೆಯಿಂದಲೇ ಎಳೆ ಬಿಡಿಸಿ, ಅದರಿಂದಲೇ ರಫೂ ಮಾಡಿ, "ತೂತು ಎಲ್ಲಿತ್ತು ಅಂತ ನಿಂಗೇ ಗೊತ್ತಾಗ್ಬಾರ್ದು. ಗೊತ್ತಾದ್ರೆ ಅದು ರಫೂ ಅಲ್ಲ, ತೇಪೆ" ಎಂದಿದ್ದರು. ನಾನೂ ಇದೇ ಆದರ್ಶದಲ್ಲಿ ಬೆಳೆದವಳು. ಹಬ್ಬಕ್ಕೆ ಮುಂಚೆ ಗೋಡೆಯ ಬಿರುಕಿಗೆ ಸುಣ್ಣ ತುಂಬಿ, ನೆಂಟರಿಗೆ ಅದರ ಸುಳಿವೂ ಸಿಗದಂತೆ ಬಣ್ಣ ಬಳಿಯುವ ಮನೆ ನಮ್ಮದು.

ನನ್ನ ಸಂಶೋಧನೆಯ ವಸ್ತು ಫ್ರಾನ್ಸಿನ ಒಂದು ಹಳ್ಳಿಯ ಅರೆಪಾಳು ಕೋಟೆ. ಕಟ್ಟಿಸಿದವನು ನೆರೆಯವರ ಜೊತೆ ಸದಾ ಜಗಳದಲ್ಲಿದ್ದ ಒಬ್ಬ ಚಿಲ್ಲರೆ ಪಾಳೆಯಗಾರ. ಅವನ ಮೊಮ್ಮಕ್ಕಳ ಕಾಲಕ್ಕೆ ಯುದ್ಧಗಳು ಮುಗಿದು, ಕೋಟೆಗೆ ಗಾಜಿನ ಕಿಟಕಿಗಳೂ ಗುಲಾಬಿ ತೋಟವೂ ಬಂದವು. ಕ್ರಾಂತಿಯ ನಂತರ ಒಡೆಯರಿಲ್ಲದ ಕೋಟೆಯಿಂದ ಊರವರು ಒಂದೊಂದೇ ಕಲ್ಲು ಹೊತ್ತೊಯ್ದು ದನದ ಕೊಟ್ಟಿಗೆ ಕಟ್ಟಿಕೊಂಡರು. ಹಾಗಾಗಿ ಆ ಕೋಟೆಯ ಅರ್ಧಭಾಗ ನಾಶವಾಗಿದೆ ಎನ್ನುವುದಕ್ಕಿಂತ, ಊರೊಳಗೆ ವಾಸಕ್ಕೆ ಹೋಗಿದೆ ಎನ್ನುವುದು ಸರಿ. ದೊಡ್ಡ ಬುರುಜು ಮಾತ್ರ ಉದ್ದಕ್ಕೆ ಸೀಳಿದ ಬಿದಿರಿನಂತೆ ಅರ್ಧ ನಿಂತಿದೆ. ಅದಕ್ಕೆ ಆಸರೆಯಾಗುವಂತೆ, ಕುಸಿದ ಕಡೆಗೆ ವಸಂತದಲ್ಲಿ ಗೋಡೆ ಎಬ್ಬಿಸಬೇಕೆಂದು ಊರವರ ಯೋಜನೆ. ಕಲ್ಲುಕುಟಿಗರು ನೋಡಿಕೊಂಡು ಕಟ್ಟುವುದಕ್ಕೆ ಬೇಕಾದ ಕಂಪ್ಯೂಟರ್ ಮಾದರಿ ನನ್ನ ಪಾಲಿನ ಕೆಲಸ.

ನಾನು ಅದನ್ನು ರಫೂ ಮಾಡಿಬಿಟ್ಟೆ. ನಿಂತ ಅರ್ಧದ ಕಲ್ಲುಗಳನ್ನೇ ನಕಲು ಮಾಡಿ, ಪಾಚಿಯ ಕಲೆಗಳನ್ನೂ ಬಿಡದೆ, ಮೂರು ತಿಂಗಳು ಕೂತು ಇನ್ನರ್ಧವನ್ನು ತುಂಬಿದೆ. ಕಳಿಸಲು ನಾಲ್ಕು ದಿನ ಇರುವಾಗ, ಚಹಾ ತಂದ ಪದ್ಮಾ ಆಂಟಿ ಪರದೆಯನ್ನು ನೋಡಿದರು.

"ಚೆನ್ನಾಗಿದೆ ಕಣೇ. ಇದ್ರಲ್ಲಿ ಬಿದ್ದೋಗಿರೋದು ಎಲ್ಲಿಂದ ಎಲ್ಲೀವರೆಗೆ?"

ತೋರಿಸಲು ಹೋದ ಬೆರಳು ಗಾಳಿಯಲ್ಲೇ ನಿಂತಿತು. ಬಿದ್ದದ್ದು ಅಂಗಳದ ಕಡೆ, ಅಷ್ಟು ಗೊತ್ತು. ಆದರೆ ಹಳೆಯ ಕಲ್ಲು ಮುಗಿದು ನನ್ನದು ಶುರುವಾಗುವ ಗೆರೆಯನ್ನು ನಾನೇ ಅಳಿಸಿದ್ದೆ.

"ಗೊತ್ತಾಗ್ತಿಲ್ಲ ಆಂಟಿ."

"ಹಾಗಾದ್ರೆ ಒಳ್ಳೇ ಕೆಲಸ ಬಿಡು," ಎಂದು ಮೆಚ್ಚಿಕೊಂಡು ಅವರು ಒಳಗೆ ಹೋದರು.

ಆ ಮೆಚ್ಚುಗೆಯನ್ನು ಹೊತ್ತು ಪರದೆಯನ್ನು ಮತ್ತೆ ನೋಡಿದಾಗ ಇನ್ನೂ ಒಂದು ಕಂಡಿತು. ಹೊರಗಡೆಯ ಗೋಡೆ ಶತ್ರುವಿಗೆಂದು ಕಟ್ಟಿದ್ದು: ಆಳುದ್ದ ದಪ್ಪ, ಬಾಣ ಬಿಡಲು ಸಣ್ಣ ಸೀಳುಗಂಡಿಗಳು. ಅಂಗಳದ ಕಡೆಯದು ಹಾಗಿರಬೇಕಾಗಿಲ್ಲ. ತೆಳ್ಳಗಿದ್ದುದರಿಂದಲೇ ಅದು ಮೊದಲು ಬಿದ್ದಿರಬೇಕು. ನಾನು ಸೀಳುಗಂಡಿಗಳ ಸಮೇತ ದಪ್ಪ ಗೋಡೆಯನ್ನೇ ಅಲ್ಲಿಗೂ ಸುತ್ತಿಸಿದ್ದೆ. ನನ್ನ ಬುರುಜಿನಲ್ಲಿ ನಿಂತ ಪಾಳೆಯಗಾರ ಅಂಗಳದಾಚೆಯ ತನ್ನ ಅಡುಗೆಮನೆಗೇ ಬಾಣ ಬಿಡಬೇಕಾಗಿತ್ತು. ಹಾಗೇ ಕಳಿಸಿದ್ದರೆ, ವಸಂತದಲ್ಲಿ ನಿಜವಾದ ಮನುಷ್ಯರು ನಿಜವಾದ ಕಲ್ಲು ಹೊತ್ತು, ಆ ಗೋಡೆಯನ್ನೇ ಕಟ್ಟಿಬಿಡುತ್ತಿದ್ದರು.

ಮರುದಿನ ನನ್ನ ಸಂಶೋಧನೆಯ ಗೈಡ್ ಎದುರು ನಿಂತು ಎಲ್ಲವನ್ನೂ ಹೇಳಿದೆ. ಇನ್ನು ಈ ಕೆಲಸ ನನ್ನ ಕೈಯಲ್ಲಿ ಉಳಿಯುವುದಿಲ್ಲವೆಂದೇ ಭಾವಿಸಿದ್ದೆ. ಆದರೆ ಅವರು, ತಡವಾಗುವುದೆಂದು ಊರವರಿಗೆ ತಾವೇ ಬರೆಯುವುದಾಗಿ ಹೇಳಿದರು. ಆಮೇಲೆ, "ಗೊತ್ತಿರುವಷ್ಟನ್ನು ಕಲ್ಲಿನ ಬಣ್ಣದಲ್ಲೇ ಬಿಡು. ಊಹೆಗೆ ಬೇರೆ ಬಣ್ಣ ಕೊಡು. ಆ ಹಳಬರ ಕೈ ಯಾವುದು, ನಿನ್ನ ಕೈ ಯಾವುದು ಎಂದು ಕಟ್ಟುವವರಿಗೆ ತಿಳಿಯಬೇಕು" ಎಂದರು.

ಅಳತೆಗಳಿಂದ ಮತ್ತೆ ಮೊದಲುಮಾಡಿದೆ. ಬುನಾದಿ ಸಾಕ್ಷಿ ಹೇಳಿದಲ್ಲಿ ಮಾತ್ರ ತೆಳುಗೋಡೆ, ಅದೂ ತಿಳಿಹಳದಿಯಲ್ಲಿ, ಉಳಿದದ್ದು ಖಾಲಿ. ಮೊದಲಿನದರಷ್ಟು ಚಂದವಿಲ್ಲ. ಆದರೆ ಕೆಲಸ ಮಾಡುತ್ತಾ ಒಂದು ವಿಚಾರ ನನ್ನನ್ನು ಬಿಡಲಿಲ್ಲ: ಕಾಣದ ಹಾಗೆ ರಫೂ ಮಾಡಿದಾಗ ತೂತಿನ ಜೊತೆ, ತೂತು ಮುಚ್ಚಿದವರೂ ಮರೆಯಾಗುತ್ತಾರೆ. ನಮ್ಮ ಗೋಡೆಗೆ ಪ್ರತಿವರ್ಷ ಸುಣ್ಣ ತುಂಬಿದವನ ಮುಖ ನನಗೆ ನೆನಪಿಲ್ಲ.

ಕಳೆದ ತಿಂಗಳು ಸ್ವೆಟರಿನ ಬಲ ಮೊಣಕೈಯೂ ಹರಿಯಿತು. ಹಳದಿ ಉಲ್ಲನ್ ತಂದು ಪದ್ಮಾ ಆಂಟಿಗೆ ಕೊಟ್ಟೆ.

"ಬೂದು ಬಣ್ಣಕ್ಕೆ ಹಳದಿನಾ? ಓದಿ ಓದಿ ನಿಂಗೇನಾಗಿದೆ? ನೋಡಿದವ್ರು ನನ್ನ ಕೈಗೆ ಬೈತಾರೆ."

"ನಿಮ್ಮ ಕೈ ಕಾಣ್ಲಿ ಅಂತಾನೇ ಆಂಟಿ."

ಗೊಣಗುತ್ತಲೇ ಹೊಲಿದರು, ಆದರೆ ಎರಡು ಸಲ ಬಿಚ್ಚಿ, ಮೂರನೆಯ ಸಲ ಸಮಾಧಾನವಾಗುವವರೆಗೆ.

ಆರು ತಿಂಗಳು ಮುಗಿದು, ಕಳೆದ ವಾರ ಅವರು ಮೈಸೂರಿಗೆ ಹೊರಟರು. ಬಸ್ಸು ಸರೋವರ ದಾಟುವಾಗ ನನ್ನ ಬೆರಳು ಎಂದಿನ ಚಾಳಿಯಂತೆ ಈಗಲೂ ಎಡ ಮೊಣಕೈಗೆ ಹೋಗುತ್ತದೆ. ಅಲ್ಲಿ ಯಾರೂ ಸಿಗದೆ, ಬಲಗಡೆಯ ಹಳದಿಗೆ ಬರುತ್ತದೆ.